ಐನೂರು ರೊಟ್ಟಿ ಮತ್ತು ಆರನೆಯ ಅಧ್ಯಾಯ

ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಎಂಬಿಎಗೆ ಹೆಸರು ಹಚ್ಚಿದ ದಿನವೇ ನಾನೊಂದು ಪ್ರತಿಜ್ಞೆ ಮಾಡಿದ್ದೆ. ನಮ್ಮ ಸೀಮೆಯಲ್ಲಿ ಎಲ್ಲೇ ಆಗಲಿ, ಏನೇ ಆಗಲಿ, ಒಂದು ವಸ್ತು ತಯಾರಾಗುತ್ತಿದೆ ಎಂದರೆ ಅದು ಈಗಿನದಕ್ಕಿಂತ ಬೇಗ, ಈಗಿನದಕ್ಕಿಂತ ಚೆನ್ನಾಗಿ ತಯಾರಾಗುವಂತೆ ಮಾಡದೆ ಈ ಚನ್ನವೀರ ಸುಮ್ಮನೆ ಕೂರುವವನಲ್ಲ!

ಪ್ರತಿಜ್ಞೆಯನ್ನು ಕನ್ನಡಿಯ ಮುಂದೆ ನಿಂತು ಮಾಡಿದ್ದರಿಂದ ಅದಕ್ಕೆ ಸಾಕ್ಷಿ ನಾನೊಬ್ಬನೇ. ಆದರೂ ಎದೆ ಉಬ್ಬಿತ್ತು. ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಹದಿನೆಂಟು ವರ್ಷ ಸೂಪರ್‌ವೈಸರ್ ಆಗಿ ದುಡಿದವನು, ಭಾನುವಾರದ ತರಗತಿಗಳಿಗೆ ಹೋಗಿ, ನನ್ನ ಮಗಳ ವಯಸ್ಸಿನವರ ಪಕ್ಕ ಕೂತು ನೋಟ್ಸ್ ಬರೆಯುತ್ತಿದ್ದೆ. ಮೂರನೆಯ ಸೆಮಿಸ್ಟರಿನಲ್ಲಿ ‘ಉತ್ಪಾದನೆ ಮತ್ತು ಕಾರ್ಯಾಚರಣೆ ನಿರ್ವಹಣೆ’ ಎಂಬ ವಿಷಯ ಬಂತು. ಪುಸ್ತಕದ ತೂಕವೇ ಒಂದೂವರೆ ಕೆಜಿ. ಅದರ ಆರನೆಯ ಅಧ್ಯಾಯ ಓದಿದ ರಾತ್ರಿ ನನಗೆ ಜಗತ್ತೆಲ್ಲ ಬೇರೆಯಾಗಿ ಕಂಡಿತು. ಒಂದು ಕೆಲಸವನ್ನು ತುಂಡು ತುಂಡಾಗಿ ಒಡೆಯಬೇಕು, ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡಬೇಕು, ಗಡಿಯಾರ ಹಿಡಿದು ಅಳೆಯಬೇಕು, ವ್ಯರ್ಥವಾಗುವ ನಿಮಿಷಗಳನ್ನು ಹುಡುಕಿ ಹುಡುಕಿ ಹೊಸಕಿಹಾಕಬೇಕು. ಇಷ್ಟು ಸರಳ ಸತ್ಯ ತಿಳಿಯದೆ ನಮ್ಮ ಹಿರಿಯರು ಅದು ಹೇಗೆ ಬದುಕಿದ್ದರು ಎಂದು ನನಗೆ ಕನಿಕರವೇ ಬಂದಿತ್ತು.

ಪರೀಕ್ಷೆಯ ಜೊತೆಗೆ ಒಂದು ಯೋಜನಾ ವರದಿಯನ್ನೂ ಸಲ್ಲಿಸಬೇಕಿತ್ತು. ನಿಜವಾದ ಒಂದು ಉತ್ಪಾದನೆಯನ್ನು ಆರಿಸಿಕೊಂಡು, ನಿಮ್ಮ ಸುಧಾರಣೆಗೆ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಅಂಕಿ ಸಮೇತ ತೋರಿಸಿ ಎಂದಿದ್ದರು ನಮ್ಮ ಗೈಡ್. ನಾನು ನೇರ ಗಿರಣಿಯ ಮಾಲೀಕರಾದ ಅಮರಗುಂಡಪ್ಪನವರ ಹತ್ತಿರ ಹೋದೆ. ಭತ್ತದ ಲಾರಿಗಳು ಗೇಟಿನ ತನಕ ಸಾಲುಗಟ್ಟಿ ನಿಂತ ಹೊತ್ತು. ಅವರು ನನ್ನ ಮಾತನ್ನು ಪೂರ್ತಿ ಕೇಳಿದರು. ಗಿರಣಿ ಸುಧಾರಿಸುವುದಾದರೆ ಮೊದಲು ಬೇರೆಯವರ ಗಿರಣಿ ಸುಧಾರಿಸಿ ಬಾ ಎಂದರು.

ಹಾಗೆ ಉತ್ಪಾದನೆ ಇಲ್ಲದ ಉತ್ಪಾದನಾ ತಜ್ಞನಾಗಿ ಅಲೆಯುತ್ತಿದ್ದಾಗಲೇ ನನ್ನ ತಂಗಿ ಶಿವಗಂಗಾಳ ಕುಬಸದ, ಅಂದರೆ ಸೀಮಂತದ ದಿನ ಗೊತ್ತಾಯಿತು.

ಶಿವಗಂಗಾಳನ್ನು ಲಿಂಗಸುಗೂರಿಗೆ ಕೊಟ್ಟಿದ್ದೇವೆ. ಮದುವೆಯಾಗಿ ಆರು ವರ್ಷದ ಮೇಲೆ ಬಸುರಾಗಿದ್ದಳು. ನಮ್ಮ ಅಪ್ಪ ಅವ್ವ ಇಬ್ಬರೂ ಇಲ್ಲ. ಆಕೆಗೆ ತವರು ಎಂದರೆ ನಾನು ಮತ್ತು ನನ್ನ ಹೆಂಡತಿ ಶೈಲಜಾ. ಕುಬಸಕ್ಕೆ ಹಸಿರು ಸೀರೆಯ ಜೊತೆ ತವರಿನಿಂದ ಬುತ್ತಿ ಹೋಗಬೇಕು. ಬುತ್ತಿ ಎಂದರೆ ಹಾಳೆಯಂತೆ ತೆಳ್ಳಗೆ ಬಡಿದು ಒಣಗಿಸಿದ ಐನೂರು ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು, ಎಣ್ಣೆಗಾಯಿ. ಅದನ್ನು ಗಂಡನ ಮನೆಯವರು ಓಣಿಗೆಲ್ಲ ಹಂಚುತ್ತಾರೆ. ರೊಟ್ಟಿ ಕಡಿಮೆ ಬಿದ್ದರೆ, ಮುರಿದಿದ್ದರೆ, ಯಾರೂ ಏನೂ ಅನ್ನುವುದಿಲ್ಲ. ಬರೀ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆರು ವರ್ಷ ಬೇರೆ ಬೇರೆ ಮಾತು ಕೇಳಿ ತಲೆ ತಗ್ಗಿಸಿದ್ದ ಹುಡುಗಿ ಇನ್ನೊಮ್ಮೆ ತಗ್ಗಿಸುವಂತಾಗಬಾರದು. ನನಗೂ ಶೈಲಜಾಗೂ ಇದ್ದದ್ದು ಅದೊಂದೇ ಹಟ.

ನಮ್ಮ ಕಡೆ ಇಷ್ಟು ರೊಟ್ಟಿಯನ್ನು ಯಾರೂ ಒಬ್ಬರೇ ಬಡಿಯುವುದಿಲ್ಲ, ಕೂಲಿ ಕೊಟ್ಟು ಬಡಿಸುವುದೂ ಇಲ್ಲ. ಓಣಿಯ ಹೆಂಗಸರು ತಮ್ಮ ತಮ್ಮ ರೊಟ್ಟಿ ಬೇಯಿಸುವ ಹಂಚು ಹಿಡಿದುಕೊಂಡು ತಾವೇ ಬರುತ್ತಾರೆ. ಇವತ್ತು ನಮ್ಮ ಮನೆಯಲ್ಲಿ, ನಾಳೆ ಅವರ ಮನೆಯಲ್ಲಿ. ಶೈಲಜಾ ಹಿತ್ತಿಲಿನಲ್ಲಿ ಆರು ಒಲೆ ಹೂಡಿಸಿದಳು. ಮೂವತ್ತು ಕೆಜಿ ಜೋಳ ಬೀಸಿಸಿಕೊಂಡು ಬಂದಳು. ಆ ಆರು ಒಲೆಗಳನ್ನು ನೋಡಿದ ಕೂಡಲೇ ನನ್ನ ಮೈಯಲ್ಲಿ ಮಿಂಚು ಹರಿಯಿತು. ಕಾರ್ಖಾನೆ ನನ್ನ ಹಿತ್ತಿಲಿಗೇ ನಡೆದು ಬಂದಿತ್ತು!

ವಿಷಯ ತಿಳಿಸಿದಾಗ ಶೈಲಜಾ ಎಣ್ಣೆಗಾಯಿಗೆ ಬದನೆಕಾಯಿ ಸೀಳುತ್ತಿದ್ದಳು.

“ನಿಮ್ಮ ಪುಸ್ತಕದಾಗ ರೊಟ್ಟಿ ಚಿತ್ರ ಐತೇನ್ರಿ?” ಎಂದಳು.

“ರೊಟ್ಟಿದು ಇಲ್ಲ, ಕಾರಿಂದು ಐತಿ.”

“ಹಂಗಾರ ಐನೂರು ಕಾರು ಬಡಕೊಂಡು ಹೋಗ್ರಿ ಲಿಂಗಸುಗೂರಿಗೆ.”

ವಿಜ್ಞಾನಕ್ಕೆ ಮನೆಯಲ್ಲಿ ಮರ್ಯಾದೆ ಸಿಕ್ಕ ಉದಾಹರಣೆ ಚರಿತ್ರೆಯಲ್ಲಿ ಕಡಿಮೆ. ನಾನು ಎದೆಗುಂದಲಿಲ್ಲ.

ಕುಬಸದ ಹಿಂದಿನ ದಿನ ಬೆಳಿಗ್ಗೆ ಎಂಟಕ್ಕೆ ಹೆಂಗಸರು ಬಂದರು. ಮುಂದಾಳು, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಮಕ್ತುಂಬೀ ಖಾಲಾ. ಅರವತ್ತು ದಾಟಿದ ಹೆಂಗಸು, ನಮ್ಮ ಅವ್ವನ ಗೆಳತಿ, ಆಕೆ ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆ ಕಡೆಯ ಮನುಷ್ಯ ಕಾಣುತ್ತಾನೆ ಎಂಬ ಖ್ಯಾತಿ. ಅವಳ ಬೆನ್ನಿಗೆ ಎದುರು ಮನೆಯ ಉಮಾದೇವಿ, ಇನ್ನೂ ಮೂವರು, ಶೈಲಜಾ ಸೇರಿ ಆರು ಜನ. ಮೊದಲ ಅರ್ಧ ಗಂಟೆ ನಾನು ದೂರ ನಿಂತು, ಮೊಬೈಲಿನ ಗಡಿಯಾರ ಹಚ್ಚಿ, ಅವರ ಹಳೆಯ ಪದ್ಧತಿಯನ್ನೇ ಅಳೆದೆ. ತೊಂಬತ್ತು ರೊಟ್ಟಿ. ಆಮೇಲೆ ಮುಂದೆ ಬಂದು, ಕೈ ಎತ್ತಿ, ಆರೂ ಒಲೆಗಳನ್ನು ನಿಲ್ಲಿಸಿದೆ.

ನನ್ನ ಭಾಷಣ ಚಿಕ್ಕದಾಗಿತ್ತು. ಒಬ್ಬೊಬ್ಬರೇ ಹಿಟ್ಟು ನಾದಿ, ಬಡಿದು, ಬೇಯಿಸಿ ಎಲ್ಲವನ್ನೂ ಮಾಡುವುದು ಹಿಂದಿನ ಶತಮಾನದ ಕ್ರಮ. ಇನ್ನು ಮೇಲೆ ಇಬ್ಬರು ನಾದುತ್ತಾರೆ, ಇಬ್ಬರು ಬಡಿಯುತ್ತಾರೆ, ಇಬ್ಬರು ಬೇಯಿಸುತ್ತಾರೆ ಎಂದೆ. ತೋಳಿನಲ್ಲಿ ಬಲವಿದ್ದವರು ನಾದಬೇಕು ಎಂಬ ತರ್ಕದ ಮೇಲೆ ಮಕ್ತುಂಬೀ ಖಾಲಾಳನ್ನು ಹಿಟ್ಟು ನಾದುವ ದೊಡ್ಡ ಪರಾತದ ಮುಂದೆ ಕೂರಿಸಿದೆ. ಹತ್ತು ಕೆಜಿ ಹಿಟ್ಟಿಗೆ ಒಮ್ಮೆಲೇ ಬಿಸಿ ಎಸರು ಹಾಕಿ ನಾದಿಬಿಟ್ಟರೆ ಪದೇ ಪದೇ ಕೈ ತೊಳೆಯುವ ಸಮಯವೆಲ್ಲ ಉಳಿಯುತ್ತದಲ್ಲ!

ಜೋಳದ ಹಿಟ್ಟು ಕಾಯುವುದಿಲ್ಲ ಎಂದು ಖಾಲಾ ಮೆಲ್ಲಗೆ ಹೇಳಿದಳು. ಕಾಯುವುದನ್ನು ತಪ್ಪಿಸುವುದಕ್ಕೇ ಈ ಪದ್ಧತಿ ಇರುವುದು ಎಂದು ನಾನೂ ಅಷ್ಟೇ ಮೆಲ್ಲಗೆ ಹೇಳಿದೆ. ಆಕೆ ನನ್ನ ಮುಖವನ್ನೊಮ್ಮೆ ನೋಡಿ ನಾದತೊಡಗಿದಳು. ಶೈಲಜಾ ಬಾಯಿ ತೆರೆದಳು. ಖಾಲಾ ಕಣ್ಣಿನಲ್ಲೇ ಸುಮ್ಮನಿರಿಸಿದಳು.

ಜೋಳದ ಹಿಟ್ಟಿನ ಸ್ವಭಾವ ಬಲ್ಲವರು ಈಗಾಗಲೇ ನಗುತ್ತಿರಬಹುದು. ಬಿಸಿ ನೀರು ಬಿದ್ದ ಹೊತ್ತಿಗೆ ಅದಕ್ಕೆ ಬರುವ ಜಿಗಿ, ಹಸಿಗೂಸಿನ ನಗುವಿನ ಹಾಗೆ, ಬಂದಷ್ಟೇ ಬೇಗ ಹೋಗುತ್ತದೆ. ಅದಕ್ಕೇ ನಮ್ಮ ಹೆಂಗಸರು ಒಂದು ರೊಟ್ಟಿಗಾಗುವಷ್ಟನ್ನೇ ಕೈಯಲ್ಲಿ ತಿಕ್ಕಿ, ಬಿಸಿ ಆರುವ ಮೊದಲೇ ಬಡಿದು, ಹಂಚಿಗೆ ಹಾಕಿಬಿಡುತ್ತಾರೆ. ಒಂಬತ್ತೂವರೆಗೆ ನನ್ನ ಪರಾತದ ಹಿಟ್ಟು ಬಿಗಿದುಕೊಂಡಿತು. ಹತ್ತಕ್ಕೆ ಅಂಚು ಸೀಳಿತು. ಬಡಿಯುವವರ ಕೈಯಲ್ಲಿ ರೊಟ್ಟಿ ಅಂಗೈಯಗಲ ಆಗುವಷ್ಟರಲ್ಲಿ ನಡುವೆ ಬಿರುಕು, ಹಂಚಿಗೆ ಹಾಕುವಾಗ ಎರಡು ಹೋಳು, ತೆಗೆಯುವಾಗ ನಾಲ್ಕು. ಬಡಿದ ರೊಟ್ಟಿ ಕೈಗೆ ಬರದೆ ಬೇಯಿಸುವವರು ಬರಿ ಹಂಚು ಕಾಯುತ್ತ ಕೂತರು. ಹಂಚು ಕಾದು ಕೆಂಪಾದವು. ನಾನೂ.

ಇದಕ್ಕೆಲ್ಲ ಮಾತೇ ಕಾರಣ ಎಂದು ನನಗೆ ಆಗ ಹೊಳೆಯಿತು. ಪುಸ್ತಕದಲ್ಲಿ ಏಳು ಬಗೆಯ ವ್ಯರ್ಥಗಳ ಪಟ್ಟಿ ಇದೆ; ಎಂಟನೆಯದನ್ನು ನಾನೇ ಕಂಡುಹಿಡಿದು, ಒಂದು ಹಾಳೆಯ ಮೇಲೆ ‘ಮಾತು ಕಡಿಮೆ, ರೊಟ್ಟಿ ಜಾಸ್ತಿ’ ಎಂದು ದಪ್ಪಗೆ ಬರೆದು ಹಿತ್ತಿಲ ಗೋಡೆಗೆ ಅಂಟಿಸಿದೆ. ಹಿತ್ತಿಲು ಶಾಲೆಯ ಪರೀಕ್ಷಾ ಕೋಣೆಯ ಹಾಗೆ ಮೌನವಾಯಿತು. ನಾನು ನೋಟ್‌ಬುಕ್ ತೆಗೆದು ಅಳತೆ ಮುಂದುವರಿಸಿದೆ. ಯಾರು ಎದ್ದರು, ಯಾಕೆ ಎದ್ದರು, ಎಷ್ಟು ಹೊತ್ತು. ಬಹಳ ಶುದ್ಧವಾದ ಟಿಪ್ಪಣಿಗಳು.

ಹನ್ನೊಂದರ ಸುಮಾರಿಗೆ ಫೋನ್ ಬಂತೆಂದು ನೋಟ್‌ಬುಕ್ಕನ್ನು ಕಟ್ಟೆಯ ಮೇಲೆ ಇಟ್ಟು ಒಳಗೆ ಹೋದೆ. ಫೋನ್ ಮಾಡಿದವಳು ಶಿವಗಂಗಾ. ಅತ್ತೆ ಓಣಿಯವರಿಗೆಲ್ಲ ಆಗಲೇ ಹೇಳಿ ಬಂದಿದ್ದಾರೆ, ನಮ್ಮ ತವರಿನ ರೊಟ್ಟಿ ಬರುತ್ತವೆ ಎಂದು ಎಲ್ಲರೂ ದಾರಿ ಕಾಯುತ್ತಿದ್ದಾರೆ ಅಣ್ಣಾ ಎಂದಳು. ಆಕೆಯ ದನಿಯಲ್ಲಿ ಅಷ್ಟು ಹುರುಪು ಕೇಳಿ ಎಷ್ಟೋ ವರ್ಷವಾಗಿತ್ತು. ಕೆಲಸ ವೈಜ್ಞಾನಿಕವಾಗಿ ನಡೆದಿದೆ, ಚಿಂತೆ ಬೇಡ ಎಂದೆ.

ಹೊರಗೆ ಬಂದಾಗ ಆರು ಒಲೆಗಳ ಮುಂದೆ ಶೈಲಜಾ ಒಬ್ಬಳೇ ಕೂತಿದ್ದಳು. ನೋಟ್‌ಬುಕ್ ಆಕೆಯ ಕೈಯಲ್ಲಿತ್ತು.

“ಓದ್ಲೇನ್ರಿ?” ಎಂದು ತಾನೇ ಓದಿದಳು. “‘ಉಮಾದೇವಿ, ನೀರು ಕುಡಿದದ್ದು, ನಾಕು ನಿಮಿಷ, ವ್ಯರ್ಥ. ಮಕ್ತುಂಬೀ, ಸೊಂಟ ನೇರ ಮಾಡಿಕೊಂಡದ್ದು, ಆರು ನಿಮಿಷ, ವ್ಯರ್ಥ.’ ಉಮಾ ಓದಿದ್ಲು. ಎಲ್ಲಾರಿಗೂ ಕೇಳೂ ಹಂಗ ಓದಿದ್ಲು.”

ಯಾರೂ ಜಗಳವಾಡಿರಲಿಲ್ಲ. ಒಬ್ಬಳಿಗೆ ಹಾಲಿನವನು ಬರುವ ಹೊತ್ತಾಗಿತ್ತಂತೆ, ಒಬ್ಬಳಿಗೆ ಮೊಮ್ಮಗನ ನೆನಪಾಯಿತಂತೆ. ಹಂಚು ಎತ್ತಿಕೊಂಡು, ಸೆರಗು ಕೊಡವಿಕೊಂಡು, ನಗುನಗುತ್ತ ಹೋಗಿದ್ದರು. ನಮ್ಮ ಕಡೆಯ ಹೆಂಗಸರು ನಗುನಗುತ್ತ ಹೋದರೆಂದರೆ ವಿಷಯ ಕೆಟ್ಟಿತೆಂದೇ ಅರ್ಥ. ನಾನು ಮಾಡಿದ ಸುಧಾರಣೆಯ ಒಟ್ಟು ಫಲವನ್ನು ಎಣಿಸಿದೆ: ಎಪ್ಪತ್ತು ರೊಟ್ಟಿ. ಅದರಲ್ಲಿ ಮುರಿಯದವು ಹನ್ನೆರಡು. ಬೆಳಗಿನ ತೊಂಬತ್ತು ಸೇರಿ ನೂರಾ ಎರಡು. ನಾಳೆ ಏಳಕ್ಕೆ ಬುತ್ತಿ ಒಯ್ಯುವ ಟೆಂಪೊ ಬರುತ್ತದೆ. ಉಳಿದ ಹಿಟ್ಟಿನ ಮುದ್ದೆಯನ್ನು ತಿನ್ನಲು ಉಮಾದೇವಿಯ ಎಮ್ಮೆ ಒಂದೇ ಒಪ್ಪಿತು.

“ಹೋಗ್ರಿ,” ಎಂದಳು ಶೈಲಜಾ. ನಾನು ಚಪ್ಪಲಿ ಮೆಟ್ಟಿಕೊಂಡು ನೇರ ಖಾಲಾಳ ಮನೆಗೆ ಹೋದೆ.

ಮಕ್ತುಂಬೀ ಖಾಲಾ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಬಾಗಿಲಲ್ಲೇ ನಿಂತು ತಪ್ಪಾಯಿತು ಎಂದೆ. ಒಳಗೆ ಕರೆದಳು, ನೀರು ಕೊಡಿಸಿದಳು.

“ಕೂಲಿಗೆ ಬಂದವರಿಗೆ ಗಡಿಯಾರ ಹಿಡೀತಾರ, ಬೇಟಾ,” ಎಂದಳು ಆಮೇಲೆ. “ನಾವು ಶಿವಗಂಗಾಗ ಬಂದಿದ್ವಿ. ಆಕಿ ಹುಟ್ಟಿದಾಗ ಎಣ್ಣಿ ಹಚ್ಚಿ ಎರದಾಕಿ ನಾನು. ಅವತ್ತು ಎಷ್ಟು ನಿಮಿಷ ಆತು ಅಂತ ನಿಮ್ಮವ್ವ ಬರದಿಟ್ಟಿಲ್ಲ.”

ನಾನು ಖಾಲಿ ಲೋಟ ಕೆಳಗಿಟ್ಟೆ. ಆಕೆ ಎದ್ದು ಗೋಡೆಯ ಗೂಟದಿಂದ ಹಂಚು ತೆಗೆದುಕೊಂಡಳು.

ಉಮಾದೇವಿ ಅಷ್ಟು ಸುಲಭದ ಹೆಂಗಸಲ್ಲ. ನಾನು ಕೈ ಮುಗಿದು ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸುವ ತನಕ ಗೋಡೆ ಗಡಿಯಾರ ನೋಡುತ್ತ ನಿಂತಿದ್ದು, “ನಿಮ್ಮ ಮಾಫಿ ಎರಡ ನಿಮಿಷ ತಗೊಂತ್ರಿ ಅಣ್ಣಾರ. ಬರ್ಕೋರಿ, ಇದು ವ್ಯರ್ಥ ಅಲ್ಲ” ಎಂದಳು.

ಮಧ್ಯಾಹ್ನ ಮೂರಕ್ಕೆ ಆರೂ ಒಲೆಗಳು ಮತ್ತೆ ಹೊತ್ತಿಕೊಂಡವು. ಗೋಡೆಯ ಹಾಳೆ ಮೊದಲ ಒಲೆಗೆ ಕಿಚ್ಚಾಯಿತು. ಶೈಲಜಾ ನನಗೂ ಒಂದು ಕೆಲಸ ಕೊಟ್ಟಳು: ಕಟ್ಟಿಗೆ ತರುವುದು, ನೀರು ತರುವುದು, ಬಾಯಿ ಮುಚ್ಚಿಕೊಂಡಿರುವುದು. ಮೂರನೆಯದು ಕಷ್ಟವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ನೋಡುವುದಕ್ಕೆ ಅಷ್ಟಿತ್ತು.

ಒಬ್ಬಳ ಹಂಚಿನ ಮೇಲೆ ರೊಟ್ಟಿ ಉಬ್ಬುವಾಗ ಆಕೆಯ ಕೈ ಆಗಲೇ ಮುಂದಿನದನ್ನು ತಿರುಗಿಸುತ್ತಿತ್ತು. ಉಮಾದೇವಿಯ ಒಲೆಯ ಉರಿ ಇಳಿಯಿತು. ಆಕೆ ಏನೂ ಹೇಳದೆಯೇ ಪಕ್ಕದವಳು ಆಕೆ ಬಡಿದ ರೊಟ್ಟಿಯನ್ನು ತನ್ನ ಹಂಚಿಗೆ ಎಳೆದುಕೊಂಡಳು. ಖಾಲಾ ಸೊಂಟ ನೇರ ಮಾಡಿಕೊಳ್ಳಲು ಎದ್ದಾಗ ಉಳಿದ ಐವರ ಕೈಗಳು ಅಷ್ಟೇ ವೇಗ ಹೆಚ್ಚಿಸಿಕೊಂಡವು. ಯಾರೋ ತಮ್ಮ ನಾದಿನಿಯ ಸುದ್ದಿ ತೆಗೆದರೆ ಬಡಿಯುವ ಸದ್ದು ಚುರುಕಾಗುತ್ತಿತ್ತು, ಸುದ್ದಿ ರಂಗೇರಿದಷ್ಟೂ ರೊಟ್ಟಿ ತೆಳ್ಳಗಾಗುತ್ತಿದ್ದವು. ಆರು ಜೋಡಿ ಅಂಗೈಗಳ ಆ ಸದ್ದು ನನ್ನ ಬಾಲ್ಯದ ಮುಂಜಾವುಗಳ ಸದ್ದು. ಅದನ್ನು ಕೇಳಿಕೊಂಡೇ ನಾನು ಕಣ್ಣು ತೆರೆದು ದೊಡ್ಡವನಾಗಿದ್ದೆ. ಆರನೆಯ ಅಧ್ಯಾಯದಲ್ಲಿ ಇದ್ದದ್ದೆಲ್ಲ ಈ ಹಿತ್ತಿಲಲ್ಲಿ ಇತ್ತು. ಹಿತ್ತಿಲಲ್ಲಿ ಇದ್ದದ್ದೆಲ್ಲ ಅಧ್ಯಾಯದಲ್ಲಿ ಇರಲಿಲ್ಲ.

ಐದು ಗಂಟೆಗೆ, ಬಿಸಿಲು ಇನ್ನೂ ಗೋಡೆಯ ಮೇಲಿರುವಾಗಲೇ, ಐನೂರು ಮುಗಿದು ಮೇಲೆ ಆರು ಆದವು. ಎರಡು ಗಂಟೆಗೆ ನಾನೂರಾ ನಾಲ್ಕು. ನಾನು ಗಡಿಯಾರ ಹಿಡಿದಿರಲಿಲ್ಲ, ದೇವರಾಣೆ. ಮಸೀದಿಯ ಆಜಾನಿನಿಂದ ಗೊತ್ತಾಯಿತು.

ಯೋಜನಾ ವರದಿಯ ಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ, ಕೊನೆಯಲ್ಲಿ ಹೇಳುವ ಧೈರ್ಯ ಉಳಿದಿರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದೆ. ಮೊದಲು ಗಂಟೆಗೆ ನೂರಾ ಎಂಬತ್ತು. ಅಭ್ಯರ್ಥಿಯ ಸುಧಾರಣೆಯ ನಂತರ ಗಂಟೆಗೆ ಐದು. ಅಭ್ಯರ್ಥಿಯನ್ನು ತೆಗೆದ ನಂತರ ಗಂಟೆಗೆ ಇನ್ನೂರಾ ಎರಡು. ನೂರಕ್ಕೆ ಎಂಬತ್ತೊಂದು ಅಂಕ ಬಂತು. ನಮ್ಮ ಬ್ಯಾಚಿನಲ್ಲಿ ಅದೇ ಹೆಚ್ಚು. ಆರು ಹೆಂಗಸರ ಹೆಸರನ್ನೂ ಮೊದಲ ಪುಟದಲ್ಲಿ ಹಾಕಿದ್ದೇನೆ, ಎಂಬತ್ತೊಂದೂ ಅವರವೇ.

ಮರುದಿನ ಬುತ್ತಿಯ ಬುಟ್ಟಿಗಳನ್ನು ಮಕ್ತುಂಬೀ ಖಾಲಾಳ ಗಂಡ ಚಾಂದ್‌ಪಾಷಾನ ಟೆಂಪೊಗೆ ಏರಿಸಿದೆವು. ಮಸ್ಕಿ ದಾಟಿದ ಮೇಲೆ ರಸ್ತೆಯಲ್ಲಿ ಗುಂಡಿಗಳಿವೆ ಎಂದು ಮೇಲಿನ ಬುಟ್ಟಿಯನ್ನು ನಾನೇ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಲಿಂಗಸುಗೂರು ಮುಟ್ಟಿದಾಗ ಒಂದೇ ಒಂದು ರೊಟ್ಟಿ ಸೀಳಿರಲಿಲ್ಲ.

ಹಸಿರು ಸೀರೆಯಲ್ಲಿ ಶಿವಗಂಗಾ ಕೂತಿದ್ದಳು. ಪಡಸಾಲೆ ತುಂಬ ಓಣಿಯ ಹೆಂಗಸರು. ಆಕೆಯ ಅತ್ತೆ ಗುರುಲಿಂಗಮ್ಮ, ಮೆಚ್ಚುಗೆಯ ಮಾತಿಗೆ ಹೆಸರಾದವರಲ್ಲ, ಮೇಲಿನ ರೊಟ್ಟಿಯೊಂದನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದರು. ಮುರಿದು ಬಾಯಿಗೆ ಹಾಕಿಕೊಂಡರು. ಎಲ್ಲರಿಗೂ ಕೇಳುವಂತೆ ಅಗಿದರು.

“ನಮ್ಮ ಓಣ್ಯಾಗ ಇಂಥಾ ಬುತ್ತಿ ಬಂದಿಲ್ಲ ಬಿಡು,” ಎಂದರು ಗುರುಲಿಂಗಮ್ಮ. “ಒಂದ ದಿನದಾಗ ಹ್ಯಾಂಗ ಮಾಡಿದ್ರಿ ಶೈಲಜಾ?”

ಶಿವಗಂಗಾ ತಲೆ ಎತ್ತಿ ಸುತ್ತ ನೋಡಿದಳು. ಆ ನೋಟಕ್ಕೆ ನಾನು ಇನ್ನೂ ಹತ್ತು ಡಿಗ್ರಿ ಓದಿಯೇನು.

ಶೈಲಜಾ ನನ್ನ ಕಡೆ ತಿರುಗಿದಳು. ಈಗ ಬಂತು ನನ್ನ ಸರದಿ ಎಂದು ಕಣ್ಣು ಮುಚ್ಚಿಕೊಂಡೆ.

“ನಮ್ಮನಿಯವರು ಇದನ್ನ ಓದಾಕತ್ತಾರ್ರಿ ಅತ್ತಿ,” ಎಂದಳು ನನ್ನ ಹೆಂಡತಿ, ತುಂಬಿದ ಸಭೆಯಲ್ಲಿ, ಮುಖದ ಒಂದು ಗೆರೆಯೂ ಅಲುಗದ ಹಾಗೆ. “ತಂಗಿ ಬುತ್ತಿ ಅಂತ ಮುಂಜಾನಿಂದ ಸಂಜಿತನ ನಿಂತಿದ್ರು. ಕಟಗಿ ಸುದ್ದಾ ಅವರ ಹೊತ್ರು.”

ಸುಳ್ಳು ಒಂದೂ ಇರಲಿಲ್ಲ. ಹೆಂಗಸರೆಲ್ಲ ನನ್ನತ್ತ ನೋಡಿದರು. ಯಾವ ಘಟಿಕೋತ್ಸವದಲ್ಲೂ ಯಾರಿಗೂ ಅಂಥ ಗೌರವ ಸಿಕ್ಕಿರಲಾರದು. ನಿಜ ಹೇಳಬೇಕೆಂದು ಬಾಯಿ ತೆರೆದೆ. ಶೈಲಜಾ ನನ್ನ ಕಾಲಿನ ಮೇಲೆ ಕಾಲಿಟ್ಟಳು. ಹೆಮ್ಮೆಯಿಂದ ಮುಚ್ಚಿಕೊಂಡೆ.

“ಹಂಗಾರ ನಂದೊಂದು ಮಾತು,” ಎಂದರು ಗುರುಲಿಂಗಮ್ಮ. “ಕೂಸಿನ ತೊಟ್ಟಿಲ ಕಾರ್ಯ ನಿಮ್ಮ ಮನ್ಯಾಗ. ನಾವು ಇನ್ನೂರ ಮಂದಿ ಬರ್ತೀವಿ. ಸಾವಿರ ರೊಟ್ಟಿ ಆಗಬೇಕು. ಇವರ ನಿಂತು ಮಾಡಸಬೇಕು ಮತ್ತ.”

ಊರಿಗೆ ತಿರುಗಿ ಬರಲು ಟೆಂಪೊ ಹತ್ತಿದೆವು. ಖಾಲಿ ಬುಟ್ಟಿಗಳ ನಡುವೆ ಕೂತು ಶೈಲಜಾ ಫೋನಿನಲ್ಲಿ ನಗುತ್ತಿದ್ದಳು. ಇಟ್ಟ ಮೇಲೆ, ಸಾವಿರ ರೊಟ್ಟಿಯ ಗತಿ ಏನು ಎಂದು ಕೇಳಿದೆ.

“ಎಲ್ಲಾ ಆತು. ಖಾಲಾಗ ಹೇಳಿದೆ, ಆಕಿ ಹತ್ತು ಮಂದೀನ ಕರಕೊಂಡು ಬರ್ತಾಳಂತ. ಒಂದ ಷರತ್ತು ಹಾಕ್ಯಾಳ.”

“ಏನು?”

“ಅವತ್ತ ನಿಮಗ ಪರೀಕ್ಷೆ ಇರಬೇಕಂತ. ಅದೂ ರಾಯಚೂರಾಗ.”

ತೊಟ್ಟಿಲ ಕಾರ್ಯದ ಹೊತ್ತಿಗೆ ನನ್ನ ಎಂಬಿಎ ಮುಗಿದಿರುತ್ತದೆ. ಈಗ ಎರಡನೆಯದಕ್ಕೆ ಅರ್ಜಿ ತುಂಬುತ್ತಿದ್ದೇನೆ.