ಶಾಲೆಯ ಅಂಗಳದಲ್ಲಿ ಕೂಡದ ವೃತ್ತ

ಮೇಷ್ಟ್ರಾದವನು ತಪ್ಪು ಮಾಡಬಾರದು, ಮಾಡಿದರೂ ಮಕ್ಕಳಿಗೆ ಗೊತ್ತಾಗಬಾರದು ಎಂದು ನಾನು ಬಹಳ ದಿನ ನಂಬಿದ್ದೆ. ಮೊದಲನೆಯದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ ಎಂದು ಬೇಗ ತಿಳಿಯಿತು. ಹಾಗಾಗಿ ಎರಡನೆಯದಕ್ಕೇ ನನ್ನ ಬುದ್ಧಿಯನ್ನೆಲ್ಲ ಖರ್ಚು ಮಾಡುತ್ತಿದ್ದೆ. ಲೆಕ್ಕ ಎಲ್ಲಿ ಕೈಕೊಡುತ್ತದೋ ಅಲ್ಲಿಗೆ ಬೋರ್ಡ್ ಒರೆಸಿ, "ಮುಂದಿನದು ಸುಲಭ, ಮನೇಲಿ ಮಾಡ್ಕೊಳ್ಳಿ" ಎನ್ನುತ್ತಿದ್ದೆ. ನನ್ನದೂ ಪೂರ್ತಿ ತಪ್ಪಲ್ಲ ಬಿಡಿ. ಬೇಲೂರಿನಲ್ಲಿ ನನಗೆ ಗಣಿತ ಕಲಿಸಿದ ಮೇಷ್ಟ್ರು ಉತ್ತರ ಹೇಳದವನ ಹಣೆಗೆ ಸೀಮೆಸುಣ್ಣ ಎಸೆಯುತ್ತಿದ್ದರು. ಅವರ ಗುರಿ ತಪ್ಪಿದ್ದನ್ನು ನಾನು ಕಂಡಿಲ್ಲ. ಮೂರು ವರ್ಷ ಅವರ ಹತ್ತಿರ ಕಲಿತು, ನಾನು ತಲೆ ತಗ್ಗಿಸುವುದರಲ್ಲಿ ಮಾತ್ರ ಪ್ರವೀಣನಾದೆ.

ಅಂಥ ನಾನು ಈಗ ಜಾವಗಲ್ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಅತಿಥಿ ಶಿಕ್ಷಕ. ಅರಸೀಕೆರೆಯಿಂದ ದಿನಾ ಬಸ್ಸಿನಲ್ಲಿ ಹೋಗುತ್ತೇನೆ. ಒಂಬತ್ತನೇ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಪವಿತ್ರ ಎಂಬ ಹುಡುಗಿ ಕೂರುತ್ತಿದ್ದಳು. ಬಾಯಿ ಬಿಟ್ಟವಳೇ ಅಲ್ಲ. ಅವಳ ಉತ್ತರಪತ್ರಿಕೆಯಲ್ಲಿ ಹೆಸರು ಮತ್ತು ಮಾರ್ಜಿನ್ ಬಿಟ್ಟರೆ ಏನೂ ಇರಲಿಲ್ಲ. ಮಾರ್ಜಿನ್ ಮಾತ್ರ ನನ್ನ ಯಾವ ಗೆರೆಗಿಂತಲೂ ನೆಟ್ಟಗಿತ್ತು. ಒಂದು ದಿನ ಅವಳಪ್ಪ ರಂಗಪ್ಪ ಶಾಲೆಗೆ ಬಂದು ನನ್ನ ಮುಂದೆಯೇ ತೀರ್ಪು ಕೊಟ್ಟರು. "ನೋಡಿ ಮೇಷ್ಟ್ರೇ, ಇದ್ಕೆ ಲೆಕ್ಕ ಹತ್ತಾಕಿಲ್ಲ. ಮುಂದಿನ ಪರೀಕ್ಷೆ ಒಂದ್ ನೋಡ್ತೀನಿ. ಆಗ್ಲೂ ಹಿಂಗೇ ಆದ್ರೆ ಬಿಡ್ಸಿ ಹೊಲಿಗೆ ಕಲಿಯಾಕ್ ಹಾಕ್ತೀನಿ." ಪವಿತ್ರ ನೆಲ ನೋಡುತ್ತಿದ್ದಳು. ನಾನೂ ನೆಲವನ್ನೇ ನೋಡಿದೆ.

ಆ ವಾರದ ಪಾಠ ವೃತ್ತ. ನಾನು ಬೋರ್ಡಿನ ಮೇಲೆ ಬರೆಯುವ ವೃತ್ತ ಹಲಸಿನಕಾಯಿಯ ಹಾಗಿರುತ್ತದೆ. ಅದಕ್ಕೇ ಮಕ್ಕಳನ್ನೆಲ್ಲ ಅಂಗಳಕ್ಕೆ ಕರೆದುಕೊಂಡು ಹೋದೆ. ದಪ್ಪನೆಯ ಗೂಟ ಹೊಡೆದು, ಅದಕ್ಕೆ ಹಗ್ಗವನ್ನು ಉಸಿರು ಕಟ್ಟಿ ಬಿಗಿದು, ಇನ್ನೊಂದು ತುದಿಗೆ ಕಡ್ಡಿ ಕಟ್ಟಿ, ನೆಲದ ಮೇಲೆ ಗೆರೆ ಎಳೆಯುತ್ತಾ ಸುತ್ತು ಹೊರಟೆ. ಸುತ್ತಿ ಬಂದು ನೋಡಿದರೆ, ಗೆರೆಯ ತುದಿ ಶುರುವಾದ ಜಾಗಕ್ಕಿಂತ ಒಂದು ಗೇಣು ಒಳಗಿತ್ತು! ನೆಲ ಸರಿಯಿಲ್ಲ ಎಂದು ನೆಲವನ್ನು ಬೈದು ಮತ್ತೆ ಸುತ್ತಿದೆ. ಇನ್ನೊಂದು ಗೇಣು ಒಳಗೆ. ಮೂರನೇ ಸುತ್ತಿಗೆ ಹುಡುಗನೊಬ್ಬ, "ಸಾರ್, ಚಕ್ಕುಲಿ ಒತ್ತಿದ್ದೀರಾ?" ಎಂದ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಒರೆಸಿ ಓಡಿಹೋಗೋಣವೆಂದರೆ ಅಂಗಳಕ್ಕೆ ಡಸ್ಟರ್ ಎಲ್ಲಿಂದ ತರಲಿ?

ಆಗ ಹಿಂದಿನಿಂದ ಒಂದು ಸಣ್ಣ ದನಿ ಬಂತು. "ಸಾರ್... ಹಗ್ಗ ಗೂಟಕ್ಕೇ ಸುತ್ಕೊಂತೈತೆ." ಪವಿತ್ರ!

"ಅಂದ್ರೆ?"

"ಕರು ಕಟ್ಟೋವಾಗ ಹಿಂಗ್ ಬಿಗಿದ್ರೆ ಅದು ಸುತ್ತಿ ಸುತ್ತಿ ಗೂಟದತ್ರಕ್ಕೇ ಬಂದ್ಬಿಡ್ತದೆ ಸಾರ್. ಕುಣಿಕೆ ಸಡಿಲ ಬಿಡ್ಬೇಕು."

ಹಳೆಯ ನಾನಾಗಿದ್ದರೆ, "ನನಗೂ ಗೊತ್ತಿತ್ತು, ನಿಮ್ಮನ್ನ ಪರೀಕ್ಷೆ ಮಾಡ್ತಿದ್ದೆ" ಎನ್ನುತ್ತಿದ್ದೆ. ಅವತ್ತು ಯಾವ ಪುಣ್ಯವೋ, "ನಂಗೆ ಹೊಳೀಲೇ ಇಲ್ಲ ಕಣಮ್ಮ. ತಗೋ, ನೀನೇ ಮಾಡು" ಎಂದು ಹಗ್ಗ ಕೊಟ್ಟೆ. ಅವಳು ಕುಣಿಕೆ ಸಡಿಲಿಸಿ, ಹಗ್ಗ ಜಗ್ಗಿ ಹಿಡಿದು ಒಂದು ಸುತ್ತು ಬಂದಳು. ಗೆರೆ ಗೆರೆಗೆ ಸರಿಯಾಗಿ ಕೂಡಿತು. "ಹಗ್ಗ ಗಿಡ್ಡ ಆಗ್ದಿದ್ರೆ ದುಂಡು ಕೆಡಲ್ಲ" ಎಂದಳು. "ಈ ಹಗ್ಗಕ್ಕೆ ಪುಸ್ತಕದಲ್ಲಿ ಏನಂತಾರೆ?" ಎಂದೆ. ಬಹಳ ಹೊತ್ತು ಯೋಚಿಸಿ, "ತ್ರಿಜ್ಯ?" ಎಂದಳು.

ಆ ಪ್ರಶ್ನಾರ್ಥಕ ಚಿಹ್ನೆಯನ್ನು ತೆಗೆಯುವುದಕ್ಕೆ ನನಗೆ ಮೂರು ವಾರ ಹಿಡಿಯಿತು. ದಿನಾ ಒಂದು ಲೆಕ್ಕವನ್ನು ಅವಳು ಬೋರ್ಡಿನಲ್ಲಿ ಮಾಡುವುದು, ನಾನು ಅವಳ ಜಾಗದಲ್ಲಿ ಕೂರುವುದು. ತಪ್ಪಿದರೆ ಯಾರೂ ನಗಬಾರದು. ನಗಲೇಬೇಕೆಂದರೆ ನನ್ನ ಚಕ್ಕುಲಿ ನೆನೆದು ನಗಬಹುದು. ಅಲ್ಲಿ ಕೂತ ಮೊದಲ ದಿನವೇ ತಿಳಿಯಿತು, ಆ ಬೆಂಚಿಗೆ ಕಿಟಕಿಯ ಬಿಸಿಲು ಹೊಡೆದು ಬೋರ್ಡಿನ ಅರ್ಧ ಕಾಣುವುದೇ ಇಲ್ಲ. ಇಷ್ಟು ದಿನ ಆ ಅರ್ಧವನ್ನು ನಾನು ನನಗಾಗಿಯೇ ಬರೆದುಕೊಂಡಿದ್ದೆ! ಕಿಟಕಿ ಮುಚ್ಚಿಸಿದೆ. ಇನ್ನೂ ನಾಲ್ಕು ಮಕ್ಕಳು ಕೈ ಎತ್ತತೊಡಗಿದರು.

ಪರೀಕ್ಷೆಯಲ್ಲಿ ಪವಿತ್ರಳಿಗೆ ಐವತ್ತಕ್ಕೆ ಮೂವತ್ತೆರಡು ಬಂತು. ನಾನು ಉತ್ತರಪತ್ರಿಕೆಯನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ, ಕೆಲವರಿಗೆ ಎರಡು ಸಲ. ಮಾರನೆಯ ದಿನ ರಂಗಪ್ಪ ಬಂದರು. ನಾನು ಎದೆಯುಬ್ಬಿಸಿ ನಿಂತು, ಹೊಗಳಿಕೆ ಬಂದರೆ ನಾಚಿಕೊಳ್ಳಲು ಬೇಕಾದ ಮುಖ ಸಿದ್ಧಮಾಡಿಕೊಂಡೆ.

"ಬಿಡ್ಸಾಕಿಲ್ಲ ಮೇಷ್ಟ್ರೇ, ಎಸ್ಸೆಲ್ಸಿನೂ ಓದ್ಲಿ" ಎಂದರು. ಆಮೇಲೆ ಹತ್ತಿರ ಬಂದು, ಬೇರೆಯವರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದರು. "ನಮ್ಮುಡ್ಗಿ ಎಲ್ಲಾ ಹೇಳವ್ಳೆ. ಮೇಷ್ಟ್ರಿಗೆ ಮೊದ್ಲು ಏನೂ ಬತ್ತಿರ್ಲಿಲ್ಲ ಕಣಪ್ಪಾ, ನಾನು ನಗಾಡ್ದೆ ನಿಧಾನಕ್ ಹೇಳ್ಕೊಟ್ಟಿದ್ಕೆ ಈಗ ಚೆಂದಾಗ್ ಕಲೀತಾವ್ರೆ ಅಂತ. ಇನ್ನೊಂದ್ ವರ್ಷ ಅವ್ಳು ಇಲ್ಲೇ ಇರ್ತಾಳೆ. ಧೈರ್ಯವಾಗಿ ಓದ್ಕಳಿ."

"ಓದ್ತೀನಿ" ಎಂದೆ, ಕೈಕಟ್ಟಿಕೊಂಡು.