ಹಿಮಯುಗಕ್ಕೆ ಬಿಲ ತೋಡಿದ ಮಾನ್ಯ ಹುಳುವಿನವರಿಗೆ

ಇವರಿಗೆ,
ಶ್ರೀಯುತ ಅಥವಾ ಶ್ರೀಮತಿ ಹುಳುವಿನವರು
(ತಮ್ಮಲ್ಲಿ ಈ ಭೇದ ಉಂಟೋ ಇಲ್ಲವೋ ತಿಳಿಯದ ಕಾರಣ ಎರಡನ್ನೂ ಬರೆದಿದ್ದೇನೆ),
ಕಡಲ ತಳ, ಕೆಸರಿನ ಒಳಗೆ.

ಮಾನ್ಯರೇ,

ವಿಷಯ: ತಾವು ತೋಡಿದ ಬಿಲದಿಂದಾಗಿ ನನ್ನ ಮಹಾಪ್ರಬಂಧದ ನಾಲ್ಕನೆಯ ಅಧ್ಯಾಯ ಕುಸಿದಿರುವ ಬಗ್ಗೆ.

ಮೊದಲಿಗೆ ತಮಗೆ ಗೌರವಪೂರ್ವಕ ನಮಸ್ಕಾರಗಳು. ತಾವು ತೀರಿಕೊಂಡು ಸಾವಿರಾರು ವರ್ಷಗಳಾಗಿವೆ ಎಂಬುದು ಗೊತ್ತಿದ್ದರೂ, ಕ್ಷೇಮ ವಿಚಾರಿಸದೆ ದೂರು ಹೇಳಲು ಮನಸ್ಸು ಬಾರದೆ, ತಾವೂ ತಮ್ಮ ಮಕ್ಕಳೂ ಇಂದಿಗೂ ಕಡಲ ತಳವನ್ನು ಮೇಲುಕೆಳಗು ಮಾಡುತ್ತಿರುವ ತಮ್ಮ ಅಸಂಖ್ಯ ವಂಶಸ್ಥರೂ ಕುಶಲವೆಂದೇ ಭಾವಿಸಿ ಮುಂದುವರಿಯುತ್ತೇನೆ. ಇದನ್ನು ಬಹಿರಂಗ ಪತ್ರವಾಗಿ ಬರೆಯುತ್ತಿರುವುದಕ್ಕೆ ತಮ್ಮ ಮಾನ ಕಳೆಯುವ ಉದ್ದೇಶ ಕಾರಣವಲ್ಲ; ಮುಚ್ಚಿದ ಲಕೋಟೆಯನ್ನು ತಮ್ಮ ವಿಳಾಸಕ್ಕೆ ತಲುಪಿಸುವವರು ಯಾರೂ ಸಿಗಲಿಲ್ಲ, ಅಷ್ಟೆ.

ನಾನೊಬ್ಬ ಸಂಶೋಧನಾ ವಿದ್ಯಾರ್ಥಿನಿ. ಹಡಗಿನಿಂದ ಉದ್ದನೆಯ ಕೊಳವೆಯನ್ನು ಕಡಲ ತಳಕ್ಕೆ ಇಳಿಸಿ, ಅದರೊಳಗೆ ನುಗ್ಗಿದ ಕೆಸರನ್ನು ಕಂಬದ ಹಾಗೆ ಮೇಲೆತ್ತಿ ತರುತ್ತಾರೆ. ಕೆಳಗಿನದು ಹಳೆಯದು, ಮೇಲಿನದು ಹೊಸದು, ಮೊಳದುದ್ದ ಕೆಸರು ಕೂಡಲು ಹತ್ತು ಹದಿನೈದು ಸಾವಿರ ವರ್ಷ ಬೇಕು ಎಂಬ ನಂಬಿಕೆಯ ಮೇಲೆ ನಮ್ಮ ವಿಭಾಗ ನಿಂತಿದೆ. ಆ ಕಂಬವನ್ನು ಉದ್ದಕ್ಕೆ ಸೀಳಿ, ಒಂದು ಅರ್ಧವನ್ನು ಶೀತಲ ಕೋಣೆಯಲ್ಲಿ ಮುಟ್ಟದೆ ಇಟ್ಟು, ಇನ್ನೊಂದರಿಂದ ಪದರ ಪದರವಾಗಿ ಕೆಸರು ತೆಗೆದು, ಜರಡಿಯಲ್ಲಿ ತೊಳೆದು, ಒಣಗಿಸಿ, ಸೂಕ್ಷ್ಮದರ್ಶಕದಡಿ ಹರಡಿ, ಒದ್ದೆ ಬ್ರಷ್ಷಿನ ತುದಿಯಿಂದ ಮರಳ ಕಣದಷ್ಟು ಸಣ್ಣ ಚಿಪ್ಪುಗಳನ್ನು ಹೆಕ್ಕುವುದು ನನ್ನ ಕೆಲಸ. ಸೀನು ಬಂದರೆ ಎದ್ದು ಹೊರಗೆ ಓಡಬೇಕು. ಇಲ್ಲದಿದ್ದರೆ ಒಂದು ಹಿಮಯುಗವೇ ಹಾರಿಹೋಗುತ್ತದೆ.

ಆ ಚಿಪ್ಪುಗಳ ಮಾಲೀಕರನ್ನು ತಾವು ಬಲ್ಲಿರಿ, ತಮ್ಮ ನೆರೆಹೊರೆಯವರೇ. ಒಂದೇ ಕೋಶದ ಜೀವಿಗಳು, ಮಿದುಳಿಲ್ಲ, ಓದುಬರಹವಿಲ್ಲ. ಆದರೂ ಚಿಪ್ಪು ಕಟ್ಟುವಾಗ ಕ್ಯಾಲ್ಸಿಯಂ ಜೊತೆಗೆ ಸುತ್ತಲಿನ ನೀರಿನಿಂದ ತುಸುವೇ ತುಸು ಕ್ಯಾಡ್ಮಿಯಂ ಎಂಬ ಲೋಹವನ್ನೂ ಸೇರಿಸಿಕೊಳ್ಳುತ್ತಾರೆ. ನೀರಿನಲ್ಲಿ ಪೋಷಕಾಂಶ ಹೆಚ್ಚಿದ್ದಲ್ಲಿ ಕ್ಯಾಡ್ಮಿಯಂ ಕೂಡ ಹೆಚ್ಚು, ಕಡಿಮೆ ಇದ್ದಲ್ಲಿ ಅದೂ ಕಡಿಮೆ. ಹೀಗಾಗಿ ಚಿಪ್ಪನ್ನು ಕರಗಿಸಿ ಅಳೆದರೆ ಅಂದಿನ ಆಳದ ನೀರಿನಲ್ಲಿ ಪೋಷಕಾಂಶ ಎಷ್ಟಿತ್ತು ಎಂದು ಅಂದಾಜು ಸಿಗುತ್ತದೆ. ಪೋಷಕಾಂಶ ತಿಳಿದರೆ, ಗಾಳಿಯ ಇಂಗಾಲವನ್ನು ಕಡಲು ಎಷ್ಟು ನುಂಗಿತ್ತು, ಹವಾಮಾನ ಯಾಕೆ ಬದಲಾಯಿತು ಎಂಬುದಕ್ಕೂ ಒಂದು ಸುಳಿವು. ಇಷ್ಟೆಲ್ಲ ಉಪಕಾರ ಮಾಡಿ ಅವರು ಸತ್ತ ಜಾಗದಲ್ಲೇ ಸುಮ್ಮನೆ ಬಿದ್ದಿದ್ದರು. ಮೇಲಿನವರನ್ನು ಎಬ್ಬಿಸಿ ಕೆಳಗಿಳಿಸುವ ಉತ್ಸಾಹ ತೋರಿದ್ದು ತಾವು.

ಹಿಮಯುಗದ ಕೆಸರಿನ ಮಧ್ಯೆ ಒಂದೇ ಒಂದು ತೆಳುವಾದ ಪದರದಲ್ಲಿ ಪೋಷಕಾಂಶ ಇದ್ದಕ್ಕಿದ್ದಂತೆ ಕುಸಿದು ಮತ್ತೆ ಏರಿದ್ದನ್ನು ನಾನು ಕಂಡ ದಿನ, ಯಾರನ್ನೂ ಹೊಗಳಿ ಅಭ್ಯಾಸವಿಲ್ಲದ ನನ್ನ ಮಾರ್ಗದರ್ಶಕಿ ಕುರ್ಚಿಯಿಂದ ಎದ್ದು ನಿಂತು, "ಇದು ನಿಜ ಆದ್ರೆ ನಾವೆಲ್ಲ ಪಾಠ ಮತ್ತೆ ಮೊದಲಿಂದ ಓದ್ಬೇಕಾಗುತ್ತೆ ಕಣಮ್ಮ" ಎಂದರು. ಮನೆಯಲ್ಲಿ ನನ್ನ ಅತ್ತೆಯವರು ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ, "ನಮ್ಮ ಸೊಸೆ ಸಮುದ್ರದ ಹೊಟ್ಟೆಹಸಿವು ಕಂಡುಹಿಡಿದಿದ್ದಾಳೆ" ಎಂದು ಸಾರಿದರು, ಎದುರುಮನೆಯಾಕೆ ಕಾಳಜಿಯಿಂದ, "ಅಯ್ಯೋ, ಅದಕ್ಕೆ ಔಷಧಿ ಏನಂತೆ?" ಎಂದು ವಿಚಾರಿಸಿದರು. ಆ ಕುಸಿತವೇ ನನ್ನ ನಾಲ್ಕನೆಯ ಅಧ್ಯಾಯ. ಉಳಿದ ಅಧ್ಯಾಯಗಳು ಅದನ್ನು ಎತ್ತಿ ಹಿಡಿಯಲು ನಿಲ್ಲಿಸಿದ ಊರುಗೋಲುಗಳು.

ಆಮೇಲೆ ಆ ಪದರದ ಚಿಪ್ಪುಗಳ ವಯಸ್ಸು ತಿಳಿದು ಬಂತು. ಕೆಳಗಿನ ಆ ಚಿಪ್ಪುಗಳು ಅವುಗಳ ಮೇಲಿದ್ದ ಪದರಗಳಿಗಿಂತ ಸಾವಿರಾರು ವರ್ಷ ಚಿಕ್ಕವು. ಹಿಮಯುಗ ಮುಗಿದು ಲೋಕ ಬೆಚ್ಚಗಾಗಿ, ಆಳದ ನೀರಿನಲ್ಲಿ ಪೋಷಕಾಂಶ ಕಡಿಮೆಯಾದ ಮೇಲೆ ಹುಟ್ಟಿದವು. ಅಜ್ಜಿಯ ಮದುವೆಯ ಗುಂಪು ಚಿತ್ರದಲ್ಲಿ ಆಕೆಯ ಮರಿಮೊಮ್ಮಗನೂ ನಿಂತ ಹಾಗೆ. ಮಾರ್ಗದರ್ಶಕಿಯವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿ, "ಯಾರೋ ಇವನ್ನ ಮೇಲಿಂದ ತಂದು ಇಲ್ಲಿಟ್ಟಿದ್ದಾರೆ. ನೀನಲ್ಲ ತಾನೆ?" ಎಂದರು. ತಮ್ಮ ದೆಸೆಯಿಂದ ನಾನು ಒಂದು ವಾರ ಕಳ್ಳಿಯ ಹಾಗೆ ತಿರುಗಾಡಿದೆ. ನನ್ನ ಜರಡಿಗಳನ್ನು ನಾನೇ ಅನುಮಾನದಿಂದ ನೋಡಿದೆ.

ಕೆಸರಿನೊಳಗೆ ಏನಾಗಿದೆಯೆಂದು ತಿಳಿಯಲು, ಶೀತಲ ಕೋಣೆಯಲ್ಲಿದ್ದ ಉಳಿದರ್ಧವನ್ನು ಎಕ್ಸ್‌ರೇ ಮಾಡಿಸದೆ ದಾರಿಯಿರಲಿಲ್ಲ. ನಮ್ಮ ವಿಭಾಗದ ಯಂತ್ರ ಕೆಟ್ಟಿತ್ತು. ಮನುಷ್ಯರ ಆಸ್ಪತ್ರೆಯವರು ಕೆಸರನ್ನು ಒಳಗೆ ಬಿಡಲಿಲ್ಲ. ಕಡೆಗೆ ಪಶು ಆಸ್ಪತ್ರೆಯವರು ಒಪ್ಪಿದರು. ಹಿಮಯುಗವನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಕಾಲು ಮುರಿದ ಮೇಕೆಗೂ ನಾಣ್ಯ ನುಂಗಿದ ನಾಯಿಗೂ ನಡುವೆ ನನ್ನ ಸರದಿಗಾಗಿ ಕುಳಿತೆ. ಮೇಕೆಯ ಯಜಮಾನರು ಬಹಳ ಹೊತ್ತು ಗಂಟನ್ನೇ ನೋಡಿ, "ಮರಿನಾ? ಉಸಿರಾಡ್ತಿದೆಯಾ?" ಎಂದು ಕೇಳಿದರು. ವೈದ್ಯರು ಚಿತ್ರವನ್ನು ಬೆಳಕಿಗೆ ಹಿಡಿದು, "ಮೂಳೆ ಏನೂ ಕಾಣ್ತಿಲ್ಲ ಮೇಡಂ. ಆದ್ರೆ ನೆಟ್ಟಗೆ ಒಂದು ಕರುಳು ಇದೆ ನೋಡಿ, ಮೇಲಿಂದ ಕೆಳಗಿನ ತನಕ. ಜಂತುಹುಳ ಇರಬಹುದು" ಎಂದರು. ಭೂವಿಜ್ಞಾನ ಓದದವರು ಒಂದೇ ನೋಟಕ್ಕೆ ಇಷ್ಟು ಸರಿಯಾದ ರೋಗನಿರ್ಣಯ ಮಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವರು ಜಂತುಹುಳಕ್ಕೆ ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ಕೆಸರಿಗೆ ಹಾಕಲಿಲ್ಲ.

ಕರುಳಲ್ಲ, ಮಾನ್ಯರೇ, ಅದು ತಮ್ಮ ಬಿಲ. ಸುತ್ತಲಿನ ಕೆಸರಿನ ಬಣ್ಣವೇ ಅದಕ್ಕೂ ಇದ್ದುದರಿಂದ ಕಣ್ಣಿಗೆ ಕಂಡಿರಲಿಲ್ಲ. ದಾರಿಯುದ್ದಕ್ಕೂ ಅಕ್ಕಪಕ್ಕದ ಕೆಸರೇ ಕುಸಿದು ತುಂಬಿತ್ತು; ಮೇಲಿನಿಂದ ತಂದ ಚಿಪ್ಪುಗಳೆಲ್ಲ ಬಿಲದ ತಳದ ಆ ಒಂದೇ ಪದರದಲ್ಲಿ ಕೂಡಿದ್ದವು. ಅದರ ನೇರ, ಅದರ ಹದ, ಒಂದೇ ಅಳತೆಯ ಅಗಲ ನೋಡಿ, ನಮ್ಮ ಬೀದಿಯ ಒಳಚರಂಡಿಯನ್ನು ಮೂರು ಬಾರಿ ಅಗೆದು ಮೂರು ಬಾರಿ ಮುಚ್ಚಿದ ಗುತ್ತಿಗೆದಾರರಿಗೆ ತಮ್ಮ ಬಳಿ ತರಬೇತಿ ಕೊಡಿಸಬೇಕೆನಿಸಿತು. ಕೈಯಿಲ್ಲದೆ, ಕಣ್ಣಿಲ್ಲದೆ, ಮೇಲ್ವಿಚಾರಕರಿಲ್ಲದೆ, ಗಡುವಿಲ್ಲದೆ, ಬೆಚ್ಚನೆಯ ಯುಗದಿಂದ ಹೊರಟು ಹಿಮಯುಗದ ನಟ್ಟನಡುವಿಗೆ ತಾವು ಇಳಿದಿದ್ದೀರಿ.

ನಟ್ಟನಡುವೆ ಎಂಬ ಮಾತನ್ನು ದಯವಿಟ್ಟು ಗಮನಿಸಬೇಕು. ಕೊಳವೆ ಇಳಿಯುವಾಗ ಅಂಚಿನ ಕೆಸರು ಉಜ್ಜಿ ಒಂದಕ್ಕೊಂದು ಬೆರೆಯುತ್ತದೆ. ಆದ್ದರಿಂದ ಕೆಸರನ್ನು ಕಂಬದ ನಡುವಿನಿಂದಲೇ ತೆಗೆಯಬೇಕು ಎಂಬುದು ನಮ್ಮ ಪ್ರಯೋಗಾಲಯದ ಮೊದಲ ಪಾಠ. ನಾನು ಉಸಿರು ಬಿಗಿಹಿಡಿದು, ಚಮಚವನ್ನು ಪ್ರತಿ ಸಲವೂ ನಡುವಿಗೇ ಇಟ್ಟೆ. ಪಕ್ಕದ ಮೇಜಿನ ಸಹಪಾಠಿ ಸದಾ ಅಂಚಿನಲ್ಲೇ ಕೆರೆಯುತ್ತಾನೆಂದು ಬೈಸಿಕೊಂಡು, 'ಅಂಚುಬಾಕ' ಎಂಬ ಅಡ್ಡಹೆಸರು ಪಡೆದವನು. ಈ ಕಂಬ ಅವನ ಪಾಲಿಗೆ ಬಂದಿದ್ದರೆ ಅವನ ಚಮಚ ತಮ್ಮ ಬಿಲದ ಹತ್ತಿರವೂ ಸುಳಿಯುತ್ತಿರಲಿಲ್ಲ, ನನಗಿಂತ ಮೊದಲು ಡಾಕ್ಟರ್ ಆಗುತ್ತಿದ್ದ. ಇಷ್ಟು ವಿಶಾಲವಾದ ಕಡಲ ತಳದಲ್ಲಿ, ಮುಂದೆಂದೋ ಇಳಿಯಲಿರುವ ಕೊಳವೆಯ ಸರಿನಡುವನ್ನು ಅಷ್ಟು ಮೊದಲೇ ಊಹಿಸಿ ಅಲ್ಲಿಯೇ ತೋಡಿದ ತಮ್ಮ ದೂರದೃಷ್ಟಿಗೆ ಎರಡು ಮಾತಿಲ್ಲ.

ಹಾಗಾಗಿ ಕೆಲವು ವಿನಂತಿಗಳು. ಯಾವ ಯಾವ ಚಿಪ್ಪನ್ನು ತಾವು ಮೇಲಿನಿಂದ ತಂದಿರಿ ಎಂಬುದನ್ನು ಗುರುತಿಸಿ ಹೇಳಬೇಕು. ಅವನ್ನು ಅವು ಇದ್ದ ಕಾಲಕ್ಕೆ ತಮ್ಮ ಖರ್ಚಿನಲ್ಲೇ ಹಿಂದಿರುಗಿಸಬೇಕು. ಸಾಧ್ಯವಾದರೆ ಹಿಂದಕ್ಕೆ ಹೋಗಿ ಬಿಲವನ್ನು ಒಂದು ಗೇಣು ಎಡಕ್ಕೆ ಸರಿಸಿ ತೋಡಬೇಕು. ಸದ್ಯ ಕಡಲ ತಳದಲ್ಲಿ ದುಡಿಯುತ್ತಿರುವ ತಮ್ಮ ವಂಶಸ್ಥರು ಮುಂದಿನ ಹತ್ತು ಸಾವಿರ ವರ್ಷಗಳ ಸಂಶೋಧನಾ ವಿದ್ಯಾರ್ಥಿಗಳ ಮೇಲೆ ಕರುಣೆಯಿಟ್ಟು, ಕೆಸರನ್ನು ತಿಂದರೂ ಸಾಲಾಗಿ ತಿನ್ನುವಂತೆ ಬುದ್ಧಿ ಹೇಳಬೇಕು.

ಇದನ್ನೆಲ್ಲ ಊಟದ ಹೊತ್ತಿಗೆ ಗೋಳಾಡಿಕೊಂಡೆ. ಹೊಸ ಕೆಸರಿನಲ್ಲಿ ಆಹಾರ ಹೆಚ್ಚಿರುವುದರಿಂದ ತಮ್ಮಂಥವರು ಅದನ್ನು ಕೆಳಗೆ ಸಾಗಿಸಿ ಕೂಡಿಡುತ್ತಾರೆಂದು ಕೆಲವರ ಊಹೆ ಎಂದಾಗ, ಅತ್ತೆಯವರು ತಟ್ಟನೆ ತಮ್ಮ ಪಕ್ಷ ವಹಿಸಿದರು. "ಪಾಪ, ಅದು ತನ್ನ ಮನೆಗೆ ಸಾಮಾನು ತಂದಿಟ್ಕೊಂಡಿದೆ. ಇನ್ನೊಬ್ಬರ ಉಗ್ರಾಣಕ್ಕೆ ಚಮಚ ಹಾಕಿದವಳು ನೀನು, ಬೈಗುಳ ಅದಕ್ಕೆ! ಹಾಳಾಗ್ಲಿ, ಸಾರು ಹಾಕ್ಕೋ" ಎಂದರು. ನನ್ನ ಗಂಡ ಯಾರ ಕಡೆಗೂ ನೋಡದೆ ಸಾರನ್ನೇ ನೋಡಿದರು.

ಮರುದಿನ ಮಾರ್ಗದರ್ಶಕಿಯವರೊಂದಿಗೆ ಕುಳಿತೆ. ಅದೇ ಪದರದಲ್ಲಿ, ಬಿಲದಿಂದ ದೂರ ಸರಿದು ತೆಗೆದ ಚಿಪ್ಪುಗಳನ್ನು ಅಳೆದಿದ್ದೆವು. ಪೋಷಕಾಂಶ ಎಲ್ಲೂ ಕುಸಿದಿರಲಿಲ್ಲ. ಹಿಮಯುಗದ ಕಡಲಿಗೆ ಯಾವ ಹೊಟ್ಟೆಹಸಿವೂ ಇರಲಿಲ್ಲ. "ಆ ಪದರ ತೆಗೆದ್ರೆ ಪ್ರಬಂಧದಲ್ಲಿ ಉಳಿಯೋದು ಮುನ್ನುಡಿ, ಕೃತಜ್ಞತೆ ಅಷ್ಟೆ" ಎಂದರು ಅವರು. ಚಿಪ್ಪಿನ ವಯಸ್ಸೂ ಎಕ್ಸ್‌ರೇ ಚಿತ್ರವೂ ಹೊರಗಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪಶುವೈದ್ಯರು ಯಾವ ವಿಜ್ಞಾನ ಪತ್ರಿಕೆಗೂ ಬರೆಯುವವರಲ್ಲ. ಸುಮ್ಮನಿದ್ದರೆ ಪದವಿ ಸಿಗುತ್ತಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಕಡೆಗೆ ನಾನೇ, "ಹಾಗಾದ್ರೆ ಹುಳದ ಬಗ್ಗೆನೇ ಬರೀತೀನಿ ಮೇಡಂ" ಎಂದೆ. ಅವರು, "ಬರಿ. ಆದ್ರೆ ಸಿಟ್ಟಲ್ಲಿ ಬರೀಬೇಡ" ಎಂದರು.

ಸಿಟ್ಟು ಇಲ್ಲಿ ತೀರಿಸಿಕೊಂಡಿದ್ದರಿಂದ ಅಲ್ಲಿ ಸಮಾಧಾನವಾಗಿ ಬರೆದಿದ್ದೇನೆ. ಹಿಮಯುಗದ ಕಡಲಿನ ಪೋಷಕಾಂಶಗಳ ಕುರಿತು ಆರಂಭವಾದ ನನ್ನ ಮಹಾಪ್ರಬಂಧ, ಈಗ ಅಂಥ ಹಠಾತ್ ಕುಸಿತಗಳಲ್ಲಿ ಕಡಲಿನ ಪಾಲೆಷ್ಟು, ತಮ್ಮ ಪಾಲೆಷ್ಟು ಎಂದು ಬೇರ್ಪಡಿಸುವ ವಿಧಾನದ ಕುರಿತಾಗಿದೆ. ಮುಂದಿನ ತಿಂಗಳ ಮೌಖಿಕ ಪರೀಕ್ಷೆಯಲ್ಲಿ ಇದು ಸಾಲದೆನ್ನಬಹುದು, ಮತ್ತೆ ಮೊದಲಿನಿಂದ ಹೆಕ್ಕು ಎನ್ನಲೂಬಹುದು. ತೇರ್ಗಡೆಯಾದರೆ ನಾನು ತಮ್ಮ ಬಿಲದ ಡಾಕ್ಟರ್. ತಾವು ಖುದ್ದಾಗಿ ಹಾಜರಾಗಿ, ಬಿಲ ತಮ್ಮದೇ ಎಂದು ಒಪ್ಪಿಕೊಂಡರೆ ದೊಡ್ಡ ಉಪಕಾರ. ಕುರ್ಚಿ ಬೇಡವಾದರೆ ಒಂದು ತಟ್ಟೆ ಕೆಸರಿನ ವ್ಯವಸ್ಥೆ ಮಾಡಲಾಗುವುದು.

ಹಿಮಯುಗವನ್ನು ಹುಡುಕಿ ಹೊರಟು ತಮ್ಮ ಉಗ್ರಾಣದಲ್ಲಿ ಸಿಕ್ಕಿಬಿದ್ದಿರುವ,

ತಮ್ಮ ವಿಶ್ವಾಸಿ,
ಚಮಚದ ಒಡತಿ

ಮರೆತ ಮಾತು: ನನ್ನನ್ನು ಪರೀಕ್ಷಿಸಲು ಬರುತ್ತಿರುವ ಹಿರಿಯ ವಿಜ್ಞಾನಿಯೊಬ್ಬರಿಗೆ ದೊಡ್ಡ ಹೆಸರು ತಂದುಕೊಟ್ಟಿದ್ದು, ಅದೇ ಕಡಲಿನ ಪಕ್ಕದ ಕಂಬವೊಂದರಲ್ಲಿ ಅವರು ಕಂಡ, ಥೇಟ್ ಇಂಥದ್ದೇ ಒಂದು ಹಠಾತ್ ಕುಸಿತ. ಆ ಕಂಬವನ್ನು ಇವತ್ತಿನವರೆಗೆ ಯಾರೂ ಎಕ್ಸ್‌ರೇ ಮಾಡಿಸಿಲ್ಲ. ತಮ್ಮ ಅಣ್ಣತಮ್ಮಂದಿರು ಯಾರಾದರೂ ಆ ಕಡೆ ಮನೆ ಮಾಡಿಕೊಂಡಿದ್ದರೇ ಎಂದು ದಯವಿಟ್ಟು ತಿಳಿಸಿ. ಆದರೆ ಉತ್ತರ ನನ್ನ ಪರೀಕ್ಷೆ ಮುಗಿದು ಅವರು ಸಹಿ ಹಾಕಿದ ಮೇಲೆ ತಲುಪುವಂತೆ ನೋಡಿಕೊಳ್ಳಿ.