ಹಸಿರು ದೀಪ ಉರಿಯುತ್ತಿರುವಾಗ ಕಂಟ್ರೋಲ್ ಪ್ಲೇನ್ ನಿಲ್ಲುವುದನ್ನು ನಿಷೇಧಿಸಿರುವ ಬಗ್ಗೆ

ಸಂಖ್ಯೆ: ನಿಗಾ/ಹದೀ/17/ತುರ್ತು (ಸಾವಕಾಶ)

ವಿಷಯ: ಕಂಟೇನರ್ ಕ್ಲಸ್ಟರ್‌ಗಳ ಕಂಟ್ರೋಲ್ ಪ್ಲೇನ್ ಲಭ್ಯತೆಯ ಮೇಲೆ ನಿಗಾ ಇಡುವ ಕುರಿತು.

ಉಲ್ಲೇಖ: 1. ಗೋಡೆಯ ಪರದೆಯ ಹಸಿರು ದೀಪ.
2. ನಿಗಾ ಸಹಾಯಕಿಯವರ ಲಿಖಿತ ದೂರು (ಓದಿರುವುದಿಲ್ಲ).

ಇಲಾಖೆಯ ತಂತ್ರಾಂಶಗಳನ್ನು ಕಂಟೇನರ್ ಎಂಬ ಡಬ್ಬಿಗಳಲ್ಲಿಟ್ಟು ಓಡಿಸುವ ಕಂಪ್ಯೂಟರ್ ಗುಂಪುಗಳಾದ ಎಲ್ಲ ಕ್ಲಸ್ಟರ್‌ಗಳಿಗೂ ಅಪ್ಪಣೆ ಕೊಡುವ ಕಂಟ್ರೋಲ್ ಪ್ಲೇನ್‌ಗಳನ್ನು ಒಂದೇ ತಾಯಿ ಕ್ಲಸ್ಟರ್‌ನಲ್ಲಿ ಇರಿಸಿ ಸಾಕಲಾಗುತ್ತಿದೆ. ಅವು ಬದುಕಿವೆಯೇ ಎಂದು ನಿಮಿಷಕ್ಕೊಮ್ಮೆ ವಿಚಾರಿಸಿ ಪರದೆಗೆ ತಿಳಿಸುವ ಕಾವಲು ಪ್ರೋಗ್ರಾಮನ್ನೂ, ಸ್ಥಳಾವಕಾಶ ಸಮಿತಿಯ ತೀರ್ಮಾನದಂತೆ, ಅದರೊಳಗೇ ಇರಿಸಲಾಗಿತ್ತು. ಕಳೆದ ಮಂಗಳವಾರ ಬೆಳಿಗ್ಗೆ ತಾಯಿ ಕ್ಲಸ್ಟರ್ ಕುಸಿದು ಎಲ್ಲವೂ ಒಟ್ಟಿಗೆ ನಿಂತವು. ಪರದೆ ಮಾತ್ರ ಕೊನೆಗೆ ಬಂದ ಸುದ್ದಿಯನ್ನೇ ಹಿಡಿದುಕೊಂಡು ಹಸಿರಾಗಿ ಉಳಿಯಿತು. ಅಪ್ಪಣೆ ಬೇಕಾಗುವುದು ಹೊಸದನ್ನು ಎಬ್ಬಿಸಲು ಮಾತ್ರವಾಗಿದ್ದು, ಮೊದಲೇ ಓಡುತ್ತಿದ್ದ ಕಂಟೇನರ್‌ಗಳು ಓಡುತ್ತಲೇ ಇದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಸಹೋದ್ಯೋಗಿಗಳು ದೀಪದಕ್ಕ ಎಂದು ಕರೆಯುವ ನಿಗಾ ಸಹಾಯಕಿಯವರು ಹೊಸ ಕಂಟೇನರ್ ಒಂದನ್ನು ಎಬ್ಬಿಸಲು ಹೋಗಿ, ಉತ್ತರ ಬಾರದೆ, ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು, ಮೇಲಧಿಕಾರಿಗಳ ಸಭೆಯ ಬಾಗಿಲಲ್ಲೇ ನಿಂತು, "ಸರ್, ಅದು ಹೋಗಿ ಎರಡು ಗಂಟೆ ಆಯ್ತು. ಬಂದು ಹೇಳಬೇಕಾದವನೂ ಅದರ ಜೊತೆಗೇ ಹೋಗಿದ್ದಾನೆ" ಎಂದಿರುತ್ತಾರೆ. ಸಭೆಯು ಪರದೆಯತ್ತ ನೋಡಿ, ಹಸಿರನ್ನು ಕಂಡು, ಅವರ ಮಾತನ್ನು ತಳ್ಳಿಹಾಕಿ, ಅವರನ್ನು ವರ್ಗಾಯಿಸಲು ತೀರ್ಮಾನಿಸಿರುತ್ತದೆ. ಹನ್ನೊಂದು ವರ್ಷ ಕೂತ ಕುರ್ಚಿ ಕೈತಪ್ಪುವುದೆಂದು ತಿಳಿದು ಅವರು ಅತ್ತಿರುತ್ತಾರೆ. ಇದಕ್ಕೆ ಪೂರ್ವಾನುಮತಿ ಪಡೆದಿರುವುದಿಲ್ಲ.

ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ, ಯಂತ್ರಗಳೂ ಸೇರಿದಂತೆ, ಈ ಮೂಲಕ ಸೂಚಿಸಲಾಗಿದೆ:

1. ಹಸಿರು ದೀಪ ಉರಿಯುತ್ತಿರುವಾಗ ಯಾವುದೇ ಕಂಟ್ರೋಲ್ ಪ್ಲೇನ್ ನಿಲ್ಲತಕ್ಕದ್ದಲ್ಲ.

2. ನಿಲ್ಲಲೇಬೇಕಾದಲ್ಲಿ ಮೂರು ಕೆಲಸದ ದಿನ ಮುಂಚಿತವಾಗಿ, ಕಾವಲು ಪ್ರೋಗ್ರಾಮಿನ ಮುಖಾಂತರ, ಕಾರಣ ಸಹಿತ ಅರ್ಜಿ ಸಲ್ಲಿಸತಕ್ಕದ್ದು.

3. ಕಾವಲು ಪ್ರೋಗ್ರಾಮ್ ಸತ್ತಲ್ಲಿ ಆ ವಿಷಯವನ್ನು ಅದೇ ಖುದ್ದಾಗಿ ವರದಿ ಮಾಡತಕ್ಕದ್ದು. ಬೇರೆಯವರ ಹೇಳಿಕೆ ಪರಿಗಣಿಸಲಾಗುವುದಿಲ್ಲ.

4. ಕಂಟ್ರೋಲ್ ಪ್ಲೇನನ್ನು ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು "ಇದ್ದೀಯಾ?" ಎಂದು ಕೇಳಿ ಪೀಡಿಸಬಾರದು. ಉತ್ತರ ಬಾರದಿದ್ದಲ್ಲಿ "ಕೆಲಸದಲ್ಲಿ ಮಗ್ನವಾಗಿದೆ" ಎಂದು ದಾಖಲಿಸತಕ್ಕದ್ದು.

5. ಕಾವಲನ್ನು ತಾಯಿ ಕ್ಲಸ್ಟರ್‌ನಿಂದ ಹೊರಗಿಡಬೇಕೆಂದು ಸಹಾಯಕಿಯವರು ಬಾಯಿಮಾತಿನಲ್ಲಿ ನೀಡಿದ ಸಲಹೆಯು ಮನೆಯೊಳಗಿನ ವಿಷಯ ಬೀದಿಗೆ ತರುವಂತಹುದಾದ್ದರಿಂದ ತಿರಸ್ಕರಿಸಲಾಗಿದೆ. ಹಸಿರು ದೀಪದ ಮಾತಿಗೆ ಎದುರಾಡಿದ ಕಾರಣ ಅವರನ್ನು ಪೀಠೋಪಕರಣ ವಿಭಾಗಕ್ಕೆ ವರ್ಗಾಯಿಸಲಾಗಿದೆ.

(ಸಹಿ ಇದೆ, ಓದಲಾಗುವುದಿಲ್ಲ)
ಪ್ರಭಾರ ಉಪ ನಿಯಂತ್ರಕರು, ನಿಯಂತ್ರಣ ಶಾಖೆ

ಪ್ರತಿಗಳು:
1. ಸ್ಥಳಾವಕಾಶ ಸಮಿತಿಗೆ, ಅಭಿನಂದನೆಗಳೊಂದಿಗೆ.
2. ಕಾವಲು ಪ್ರೋಗ್ರಾಮಿಗೆ (ಸ್ವೀಕೃತಿ ಬಂದಿಲ್ಲ).
3. ನಿಗಾ ಸಹಾಯಕಿಯವರಿಗೆ: ವರ್ಗಾವಣೆ ಆದೇಶ ಹೊರಡಿಸುವ ತಂತ್ರಾಂಶವು ಕ್ಲಸ್ಟರ್‌ನಲ್ಲಿ ಮೇಲೇಳುತ್ತಿಲ್ಲ. ಅದನ್ನು ರಿಪೇರಿ ಮಾಡಬಲ್ಲವರು ತಾವೊಬ್ಬರೇ ಎಂದು ತಿಳಿದುಬಂದಿದೆ. ಅದು ಸರಿಯಾಗುವವರೆಗೆ ಅದೇ ಕುರ್ಚಿಯಲ್ಲಿ ಮುಂದುವರಿದು, ತಮ್ಮ ವರ್ಗಾವಣೆಗೆ ಅನುವಾಗುವಂತೆ ಕೂಡಲೇ ಸರಿಪಡಿಸಿಕೊಡಲು ಕೋರಲಾಗಿದೆ. ಅವಸರವಿದ್ದರೂ, ಕಾಲಮಿತಿ ನಿಗದಿಪಡಿಸಲು ಮರೆತಿರುತ್ತೇವೆ.